ಕೃಪಣನೆಂಬ ಮಾತು

ಕೈಯಲ್ಲಿದ್ದುದನ್ನು ಬಿಡಲೊಲ್ಲದವನನ್ನು ನಮ್ಮ ಜನ ಜಿಪುಣನೆಂದೂ ಜುಗ್ಗನೆಂದೂ ಕರೆಯುತ್ತಾರೆ. ಬೆರಳಿಗಂಟಿದ ಅಗುಳು ಎಲ್ಲಿ ಉದುರಿಹೋದೀತೋ ಎಂದು ಅಂಜುವ ಅವನನ್ನು ಎಂಜಲು ಕೈಯಲ್ಲಿ ಕಾಗೆ ಓಡಿಸದವನೆಂದು ಪರಿಹಾಸ ಮಾಡುತ್ತಾರೆ. ಆದರೆ ಸಂಸ್ಕೃತದಿಂದ ನಮಗೆ ಬಂದ ‘ಕೃಪಣ’ ಶಬ್ದದ ಮೂಲದಲ್ಲಿ ಪರಿಹಾಸದ ಸೋಂಕಿಲ್ಲ. ದೀನನು, ಮರುಕಕ್ಕೆ ಪಾತ್ರನಾದವನು ಎಂಬುದು ಅದರ ಮೊದಲ ಅರ್ಥ. ‘ಕೃಪೆ’ಯೂ ಅದೇ ಧಾತುವಿನ ಬಳಗಕ್ಕೆ ಸೇರಿದುದು.

ಭಗವದ್ಗೀತೆಯ 2ನೆಯ ಅಧ್ಯಾಯದಲ್ಲಿ ಅರ್ಜುನನು ಕಾರ್ಪಣ್ಯದೋಷದಿಂದ ತನ್ನ ಸ್ವಭಾವವೇ ಕುಂದಿತೆಂದು ಹೇಳಿಕೊಳ್ಳುವಾಗ ದ್ರವ್ಯದ ಪ್ರಸ್ತಾಪವೇ ಇಲ್ಲ; ಅದೇ ಅಧ್ಯಾಯದಲ್ಲಿ ಶ್ರೀಕೃಷ್ಣನು ಕೃಪಣರೆಂದು ಕರೆಯುವುದು ಫಲದ ಆಸೆಯಿಂದಲೇ ಕರ್ಮ ಮಾಡುವವರನ್ನು. ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಗಾರ್ಗಿಗೆ, ಅಕ್ಷರತತ್ತ್ವವನ್ನು ಅರಿಯದೆ ಈ ಲೋಕವನ್ನು ಬಿಟ್ಟುಹೋಗುವವನು ಕೃಪಣನೆಂದು ಬೋಧಿಸುತ್ತಾನೆ. ಆ ಮಾತಿಗೆ ಭಾಷ್ಯ ಬರೆದ ಶಂಕರಾಚಾರ್ಯರು ಅಂಥವನನ್ನು ಹಣ ತೆತ್ತು ಕೊಂಡ ದಾಸನಿಗೆ ಹೋಲಿಸುತ್ತಾರೆ. ಲೋಭಿಯ ವಿಷಯದಲ್ಲಿ ಈ ಹೋಲಿಕೆ ಅಕ್ಷರಶಃ ಸತ್ಯ. ಹಣಕ್ಕೆ ತಾನೊಡೆಯನೆಂದು ಭಾವಿಸಿದವನು, ಅದನ್ನು ಉಣ್ಣಲೂ ಉಣಿಸಲೂ ಸ್ವಾತಂತ್ರ್ಯವಿಲ್ಲದೆ, ಅದರ ಬಾಗಿಲನ್ನು ಕಾಯುವ ಆಳಾಗಿ ಆಯುಷ್ಯವನ್ನು ಸವೆಸುತ್ತಾನೆ.

ಈ ದಾಸ್ಯ ಕಳಚಿದ ಬಗೆಯನ್ನು ಪುರಂದರದಾಸರ ಐತಿಹ್ಯ ಹೇಳುತ್ತದೆ. ಮಗನ ಉಪನಯನಕ್ಕೆಂದು ಯಾಚಿಸಿ ಬಂದ ಬ್ರಾಹ್ಮಣನನ್ನು ವರ್ತಕ ಶ್ರೀನಿವಾಸ ನಾಯಕರು ಮತ್ತೆ ಮತ್ತೆ ಅಲೆಸಿದಾಗ, ಅವರ ಮಡದಿ ತನ್ನ ಮೂಗುತಿಯನ್ನೇ ಬಿಚ್ಚಿ ಕೊಟ್ಟಳಂತೆ. ಆ ಪುಟ್ಟ ಒಡವೆಯ ನಿಮಿತ್ತದಿಂದ ಕಣ್ತೆರೆದ ನಾಯಕರು ಸರ್ವಸ್ವವನ್ನೂ ದಾನವಿತ್ತು, ದ್ರವ್ಯದ ದಾಸ್ಯವನ್ನು ತೊರೆದು ಹರಿಯ ದಾಸರಾದರೆಂದು ಪರಂಪರೆ ಸ್ಮರಿಸುತ್ತದೆ.

ಮಿತವ್ಯಯವನ್ನು ಕಾರ್ಪಣ್ಯವೆಂದು ಹಳಿಯುವುದು ಮಾತ್ರ ದೊಡ್ಡ ಅನ್ಯಾಯ. ಮಕ್ಕಳ ಓದಿಗಾಗಿ ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಡುವ ತಾಯಿ, ನೆರೆಮನೆಯ ಮಗು ಜ್ವರದಿಂದ ಮಲಗಿದ ದಿನ ಅದೇ ಡಬ್ಬಿಯನ್ನು ಬರಿದುಮಾಡಬಲ್ಲಳು. ಉಳಿಸುವ ಕೈ ಬೇಕಾದಾಗ ಬಿಚ್ಚಿಕೊಳ್ಳುವುದೇ ಎಂಬುದೊಂದೇ ಇಲ್ಲಿ ಪರೀಕ್ಷೆ. ಆದುದರಿಂದ, ಬಡತನದಲ್ಲಿ ಹಿಡಿತದಿಂದ ಬಾಳುವವರನ್ನು ಜಿಪುಣರೆಂದು ಜರೆಯದಿರೋಣ. ನಿಜವಾದ ಕೃಪಣನು ಎದುರಾದಾಗಲೂ, ಆ ಶಬ್ದವನ್ನು ನಮಗಿತ್ತ ಹಿರಿಯರಂತೆ, ನಗುವ ಬದಲು ಮರುಗೋಣ.