ಪಕ್ಷದ ಹುರಿಯಾಳನ್ನು ಊರವರೆಲ್ಲ ಆರಿಸಿದರೆ

ಟಿಕೆಟ್ ಯಾರಿಗೆ ಎಂಬುದು ನಮ್ಮಲ್ಲಿ ಹೈಕಮಾಂಡ್‌ಗೆ ಬಿಟ್ಟ ವಿಷಯ. 2014ರಲ್ಲಿ ಕಾಂಗ್ರೆಸ್ ಬೆಂಗಳೂರು ಉತ್ತರ, ದಕ್ಷಿಣ ಕನ್ನಡಗಳಲ್ಲಿ ಪ್ರೈಮರಿ, ಅಂದರೆ ಹುರಿಯಾಳನ್ನು ಆರಿಸುವ ಒಳಚುನಾವಣೆ, ನಡೆಸಿ ನೋಡಿತು. ಮತ ಹಾಕಿದವರು ಪಕ್ಷದೊಳಗಿನವರೇ, ಚುನಾವಣೆಯಲ್ಲಿ ಎರಡೂ ಕಡೆ ಸೋಲು. ಅಮೆರಿಕದಲ್ಲಿ ಇದನ್ನು ಮತದಾರರೇ ನಿರ್ಧರಿಸುತ್ತಾರೆ. ವಿಸ್ಕಾನ್ಸಿನ್‌ನಂಥ ರಾಜ್ಯಗಳಲ್ಲಿ ಪಕ್ಷಕ್ಕೆ ಸೇರದವರೂ ಪ್ರೈಮರಿಯಲ್ಲಿ ಮತ ಹಾಕಬಹುದು. ಜಗಳ ಇರುವುದು ಇಲ್ಲೇ.

ಬಾಗಿಲು ತೆರೆದಿರಲಿ ಎನ್ನುವವರ ವಾದಕ್ಕೆ ತೂಕವಿದೆ. ಒಂದೇ ಪಕ್ಷದ ಹಿಡಿತದಲ್ಲಿರುವ ಕ್ಷೇತ್ರದಲ್ಲಿ ನಿಜವಾದ ಚುನಾವಣೆ ಪ್ರೈಮರಿಯೇ. ಸಾಮಾನ್ಯವಾಗಿ ಅದರ ಖರ್ಚು ಸರ್ಕಾರದ್ದು. ತೆರಿಗೆ ಕಟ್ಟುವ ಪಕ್ಷೇತರ ಮತದಾರ ಯಾಕೆ ಹೊರಗೆ ನಿಲ್ಲಬೇಕು?

ಪಕ್ಷದವರ ಮರುಪ್ರಶ್ನೆ: ನಮ್ಮ ಹುರಿಯಾಳನ್ನು ಎದುರಾಳಿಗಳು ಆರಿಸುವುದು ಯಾವ ನ್ಯಾಯ? 2014ರಲ್ಲಿ ಮಿಸಿಸಿಪ್ಪಿಯ ಸೆನೆಟರ್ ಥ್ಯಾಡ್ ಕಾಕ್ರನ್ ರಿಪಬ್ಲಿಕನ್ ಪ್ರೈಮರಿಯ ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದರು. ಎರಡನೇ ಸುತ್ತಿಗೆ, ಡೆಮಾಕ್ರಾಟರನ್ನು ಬೆಂಬಲಿಸುತ್ತ ಬಂದ ಕಪ್ಪು ಮತದಾರರನ್ನು ಕರೆದು ಗೆದ್ದರು. ರಿಪಬ್ಲಿಕನ್ ಕಟ್ಟಾಳುಗಳಿಗೆ ಅದು ಮೋಸ ಅನಿಸಿತು. ಆದರೆ ಆ ಕಪ್ಪು ಮತದಾರರ ಕಡೆಯಿಂದ ನೋಡಿದರೆ, ಹೇಗೂ ರಿಪಬ್ಲಿಕನ್ನರೇ ಗೆಲ್ಲುವ ರಾಜ್ಯದಲ್ಲಿ ಅವರ ಮಾತಿಗೆ ಬೆಲೆ ಬಂದದ್ದು ಆಗಲೇ. ನನಗಂತೂ ಎರಡೂ ಕಡೆಯ ಮಾತು ನಿಜವೆನಿಸುತ್ತದೆ.

ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಯಿತು. 2010ರಲ್ಲಿ ಜನಮತದಿಂದ ಬಂದ ನಿಯಮದಂತೆ ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿ; ಮೊದಲಿಬ್ಬರಿಗೆ ಮಾತ್ರ ನವೆಂಬರಿನ ಅಂತಿಮ ಚುನಾವಣೆಯ ಕಣ. 2012ರಲ್ಲಿ ಡೆಮಾಕ್ರಾಟರಿಗೆ ಒಲವಿದ್ದ 31ನೇ ಸಂಸತ್ ಕ್ಷೇತ್ರದಲ್ಲಿ ಅವರ ನಾಲ್ವರು ಮತ ಹಂಚಿಕೊಂಡು ಕೆಟ್ಟರು, ಉಳಿದವರು ಇಬ್ಬರು ರಿಪಬ್ಲಿಕನ್ನರು. 2024ರ ಸೆನೆಟ್ ಪೈಪೋಟಿಯಲ್ಲಿ ಡೆಮಾಕ್ರಾಟ್ ಆಡಂ ಶಿಫ್ ತಂಡ ರಿಪಬ್ಲಿಕನ್ ಸ್ಟೀವ್ ಗಾರ್ವಿಯ ಹೆಸರನ್ನೇ ಜಾಹೀರಾತಿನಲ್ಲಿ ಮೆರೆಸಿತು. ಗಾರ್ವಿ ಎರಡನೆಯವರಾದರು, ಶಿಫ್ ಅವರ ಸ್ವಪಕ್ಷದ ಕೇಟಿ ಪೋರ್ಟರ್ ಮನೆಗೆ ಹೋದರು. ಜಾಣತನ ಹೌದು, ಮತದಾರನ ಆಯ್ಕೆ ಹಿಗ್ಗಿತೆನ್ನಲಾಗದು.

ತಪ್ಪು ತೆರೆದ ಬಾಗಿಲಿನದಲ್ಲ, ಎರಡೇ ಕುರ್ಚಿ ಇಟ್ಟದ್ದರದು ಎಂದು ನನ್ನ ಎಣಿಕೆ. ಅಲಾಸ್ಕಾ 2022ರಿಂದ ನಾಲ್ವರನ್ನು ಮುಂದಕ್ಕೆ ಕಳಿಸುತ್ತಿದೆ, ನವೆಂಬರಿನಲ್ಲಿ ಮತದಾರ ಅವರನ್ನು ತನ್ನಿಷ್ಟದ ಕ್ರಮದಲ್ಲಿ ಗುರುತಿಸುತ್ತಾನೆ. ಟ್ರಂಪ್ ವಿರೋಧ ಕಟ್ಟಿಕೊಂಡ ರಿಪಬ್ಲಿಕನ್ ಸೆನೆಟರ್ ಲೀಸಾ ಮರ್ಕೌಸ್ಕಿ ಹಾಗೆಯೇ ಉಳಿದುಕೊಂಡರು. ಲೆಕ್ಕ ಗೋಜಲೆಂದು ಗೊಣಗುವವರೂ ಅಲ್ಲಿ ಕಡಿಮೆಯಿಲ್ಲ: 2024ರಲ್ಲಿ ಈ ಪದ್ಧತಿ ರದ್ದಾಗದೆ ಉಳಿದದ್ದು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ.