45 ಪೈಸೆಯ ವಿಮೆ
ಅಂತರ್ಜಾಲದಲ್ಲಿ ರೈಲು ಟಿಕೆಟ್ ಕಾಯ್ದಿರಿಸುವವನಿಗೆ 45 ಪೈಸೆಗೆ 10 ಲಕ್ಷ ರೂಪಾಯಿವರೆಗಿನ ವಿಮೆಯುಂಟು. ಕೌಂಟರಿನ ಮುಂದೆ ಸಾಲಿನಲ್ಲಿ ನಿಲ್ಲುವ ಗಿರಣಿ ಕಾರ್ಮಿಕನಿಗೆ ಅದೂ ಇಲ್ಲ! ಇರಲಿ, ವಿಮೆ ಪಡೆದ ಹೃದ್ರೋಗಿಯ ಗತಿಯಾದರೂ ಏನು? ಬೋಗಿಯಲ್ಲೇ ಎದೆ ಹಿಡಿದು ಕುಸಿದರೆ ಅದು ಅಪಘಾತವಲ್ಲವಂತೆ, ಕಾಯಿಲೆಯಂತೆ, ಬಿಡಿಗಾಸೂ ಸಿಗದು. 1989ರ ರೈಲ್ವೆ ಕಾಯಿದೆಯ 124-ಎ ಕಲಮೂ ಕಾಯಿಲೆಯ ಸಾವನ್ನು ಪರಿಹಾರದಿಂದ ಹೊರಗಿಟ್ಟಿದೆ.

ಆದರೆ ನಾಲ್ಕು ಗಂಟೆಗೂ ಮೀರಿ ಕುಳಿತೇ ಪ್ರಯಾಣ ಮಾಡಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲೇ ಸಾರಿದೆ. ವಿಮಾನಕ್ಕೆ ಮಾತ್ರವಲ್ಲ, ರೈಲು ಬಸ್ಸುಗಳಿಗೂ ಈ ಮಾತು ಸಲ್ಲುತ್ತದೆ. ಪ್ರಯಾಣವೇ ತಂದೊಡ್ಡುವ ಕಾಯಿಲೆಯನ್ನು ಪ್ರಯಾಣದ ವಿಮೆ ಒಲ್ಲೆನೆನ್ನುವುದು ಯಾವ ನ್ಯಾಯ? ಕೌಂಟರ್ ಟಿಕೆಟಿಗೂ ರಕ್ತನಾಳದ ಕಾಯಿಲೆಗೂ ಸರ್ಕಾರ ಈ ವಿಮೆಯನ್ನು ವಿಸ್ತರಿಸಲಿ. ಕೆಲವು ಪೈಸೆ ಹೆಚ್ಚಾದರೂ ಸರಿಯೆ.