ಗೂಡು ಎಣಿಸುವ ಹೊತ್ತಿಗೆ ದೋಣಿಯೇ ಇಲ್ಲ!

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬಂದವರಿಗೆ ಹಂಸತೀರ್ಥದ ಕಥೆ ಗೊತ್ತೇ ಇದೆ. ಕಾಗೆಯೊಂದು ಅಲ್ಲಿ ಮಿಂದು ಹಂಸವಾಯಿತಂತೆ. ಅಂದಿನಿಂದ ಬೆಟ್ಟದ ಮೇಲೆ ಕಾಗೆಯೇ ಕಾಣೋದಿಲ್ಲವಂತೆ. ಅಂಥ ತೀರ್ಥವೊಂದು ರಂಗನತಿಟ್ಟಿನಲ್ಲೂ ಇದ್ದಿದ್ದರೆ ಅಲ್ಲಿನ ಬಕ, ಬೆಳ್ಳಕ್ಕಿಗಳು ನೆಮ್ಮದಿಯಾಗಿರುತ್ತಿದ್ದವು. ತಾಯಿಹಕ್ಕಿ ಬೆದರಿ ಗೂಡು ಬಿಟ್ಟು ಎದ್ದರೆ ಸಾಕು, ಮೊಟ್ಟೆಗೆ ಕಾಗೆ ಹಾಜರ್. ಹೀಗಾಗಿ ನಡುಗಡ್ಡೆಗೆ ಇಳಿದು ಗೂಡು ಎಣಿಸುವ ಹಾಗಿಲ್ಲ. ದೋಣಿಯಲ್ಲಿ ಕೂತೋ, ದಡದಲ್ಲಿ ನಿಂತೋ ಎಣಿಸಬೇಕು. ತೊಡಕು ಶುರುವಾಗೋದು ಇಲ್ಲೇ.

ಶ್ರೀರಂಗಪಟ್ಟಣದ ಬಳಿಯ ಈ ತಿಟ್ಟುಗಳಲ್ಲಿ ಮನುಷ್ಯನ ಕೈವಾಡವೂ ಉಂಟು. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟೆ ಬಿದ್ದ ಮೇಲೆ ರೂಪುಗೊಂಡವು ಎನ್ನುತ್ತಾರೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಅರಸರಿಗೆ ತಿಳಿಹೇಳಿದ್ದರಿಂದ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ರಾಜ್ಯದಲ್ಲಿ ಆ ಗೌರವ ಮೊದಲು ಸಿಕ್ಕಿದ್ದು ಇದಕ್ಕೇ. ಬೋರ್ಡು ದೊಡ್ಡದಾಯಿತು, ಸರಿ. ಲೆಕ್ಕ?

ಇರುಳು ಬಕದ ಸಂಸಾರ ನೋಡಿ. ಮುಂಗಾರು ಹಿಡಿದ ಮೇಲೆ ಗೂಡು. ಮೊಟ್ಟೆಗೆ ಮೂರು ವಾರದ ಮೇಲೆ ಕಾವು, ಮರಿ ಹಾರೋದಕ್ಕೆ ಇನ್ನೂ ಸುಮಾರು ಆರು ವಾರ. ಅಂತೂ ಎರಡು ತಿಂಗಳಿಗೆ ಕಡಿಮೆ ಇಲ್ಲ. ವಯನಾಡಿನಲ್ಲಿ ಮಳೆ ಹೊಡೆದರೆ ಕಬಿನಿ ತುಂಬುವ ಹಾಗೆ, ಕೊಡಗಿನಲ್ಲಿ ಹೊಡೆದರೆ ಕನ್ನಂಬಾಡಿ ತುಂಬುತ್ತೆ. ಅದು ತುಂಬೋದೂ ಈ ಎರಡು ತಿಂಗಳಲ್ಲೇ. 124.80 ಅಡಿ ಮುಟ್ಟುತ್ತಾ ಬಂದರೆ ಗೇಟು ತೆಗೆಯಲೇಬೇಕು, ಅದರಲ್ಲಿ ತಪ್ಪೇನಿಲ್ಲ. 2019ರ ಆಗಸ್ಟಿನಲ್ಲಿ ಬಿಟ್ಟ ನೀರು ಲಕ್ಷ ಕ್ಯೂಸೆಕ್ ದಾಟಿತು. ತಿಟ್ಟುಗಳು ಮುಳುಗಿದವು, ಕೆಳಕೊಂಬೆಯ ಗೂಡುಗಳು ಹೊಳೆ ಪಾಲಾದವು, ದಂಡೆಯ ಮಣ್ಣು ಕೊಚ್ಚಿಹೋಯಿತು. ಆಮೇಲೆ ಮರಳು ಮೂಟೆ ಜೋಡಿಸಿ ತಿಟ್ಟುಗಳನ್ನು ಉಳಿಸಿಕೊಳ್ಳುವ ಕೆಲಸ ನಡೆಯಿತು.

ಅದೇ ಪ್ರವಾಹಕ್ಕೆ ಕಬಿನಿ ನೀರೂ ಕೂಡಿಕೊಂಡು ನಮ್ಮ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರದ ಮನೆಗಳಿಗೆ ನುಗ್ಗಿತ್ತು. ಮನೆಗೆ ನುಗ್ಗಿದ ನೀರಿಗೆ ಪಂಚನಾಮೆ ಉಂಟು. ಗೂಡಿಗೆ ನುಗ್ಗಿದ ನೀರಿಗೆ ಯಾವ ಪಂಚನಾಮೆ?

ಹಕ್ಕಿ ಎಣಿಕೆ ನಡೆಯೋದಿಲ್ಲ ಎಂದಲ್ಲ. ಆದರೆ ಒಂದು ದಿನ ಕಂಡ ಹಕ್ಕಿಗಳನ್ನೆಲ್ಲ ಕೂಡಿ 'ಇಷ್ಟು ಸಾವಿರ' ಅನ್ನೋದು, ಅಂಗಡಿ ಮುಂದೆ ನಿಂತವರ ತಲೆ ಎಣಿಸಿ 'ಇವತ್ತು ಇಷ್ಟು ವ್ಯಾಪಾರ' ಅಂದ ಹಾಗೆ. ವ್ಯಾಪಾರ ಗೊತ್ತಾಗೋದು ಸಂಜೆ ಗಲ್ಲ ತೆಗೆದಾಗ. ಇಲ್ಲಿ ಗಲ್ಲ ಅಂದರೆ ಹಾರಿಹೋದ ಮರಿಗಳು. ಬಸ್ಸಿನ ಕಂಡಕ್ಟರು ಸ್ಟೇಜಿಗೊಮ್ಮೆ ವೇ ಬಿಲ್ ಬರೆಯೋ ಹಾಗೆ ಇದನ್ನೂ ಬರೆಯಬೇಕು: ಮರಕ್ಕೊಂದು ನಂಬರು, ವಾರಕ್ಕೊಂದು ಸಲ, ಅದೇ ಜಾಗದಿಂದ, ಅದೇ ಹೊತ್ತಿಗೆ. ಕಾವಿಗೆ ಕೂತ ಗೂಡೆಷ್ಟು, ಮರಿ ಇರೋದೆಷ್ಟು, ಖಾಲಿ ಎಷ್ಟು, ನೀರಿನಿಂದ ಎಷ್ಟು ಅಡಿ ಮೇಲೆ. ಇರುಳು ಬಕವಂತೂ ಹಗಲೆಲ್ಲ ಎಲೆ ಮರೆಯಲ್ಲಿ ತೂಕಡಿಸುವ ಆಸಾಮಿ. ಮುಸ್ಸಂಜೆ ಅದು ಮೇವಿಗೆ ಹೊರಡುವಾಗ ಎಣಿಸಿದರೇ ಸರಿಯಾದ ಲೆಕ್ಕ. ಪ್ರವಾಸಿಗರ ದೋಣಿ ಆ ಹೊತ್ತಿಗೆ ದಡ ಸೇರಿರುತ್ತೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ಪೇಚಾಟವಿಲ್ಲ. ಅಲ್ಲಿ ಗೂಡು ಊರೊಳಗಿನ ಮರಗಳಲ್ಲೇ. ಮರಿ ಬಿದ್ದರೆ ಜಗಲಿ ಮೇಲಿದ್ದವರಿಗೇ ಗೊತ್ತಾಗುತ್ತೆ. ರಂಗನತಿಟ್ಟಿನಲ್ಲಿ ಸುತ್ತ ಹೊಳೆ, ಹೊಳೆಯಲ್ಲಿ ಮೊಸಳೆ.

ಎಲ್ಲಕ್ಕಿಂತ ವಿಚಿತ್ರ ಇನ್ನೊಂದಿದೆ. ಹೊಳೆ ಏರಿದರೆ ಮೊದಲು ನಿಲ್ಲೋದು ದೋಣಿ. ಜನರ ಪ್ರಾಣದ ಪ್ರಶ್ನೆ, ನಿಲ್ಲಲೇಬೇಕು. 2024ರಲ್ಲೂ ಹಾಗೇ ನಿಂತಿತ್ತು. ಅಂದರೆ ಯಾವ ವಾರ ಎಷ್ಟು ಗೂಡು ಹೋಯಿತು ಅಂತ ಬರೆಯಬೇಕೋ, ಆ ವಾರವೇ ಬರೆಯೋರು ಹತ್ತಿರ ಸುಳಿಯೋ ಹಾಗಿಲ್ಲ. ನೀರಿಳಿದು ದೋಣಿ ಮತ್ತೆ ಇಳಿಯುವಷ್ಟರಲ್ಲಿ ಕೆಲವು ಜೋಡಿ ಹೊಸ ಗೂಡು ಕಟ್ಟೋದಕ್ಕೆ ಶುರುಮಾಡಿದ್ದರೆ ಹಳೇ ಲೆಕ್ಕ ಮುಚ್ಚಿಹೋಯಿತು.

ಇದಕ್ಕೆ ಕೋಟಿ ರೂಪಾಯಿ ಯೋಜನೆ ಬೇಕಿಲ್ಲ. ದಡದ ಎತ್ತರದ ಜಾಗದಲ್ಲಿ ಒಂದು ಅಟ್ಟಣೆ, ಕಾಲಿನ ಮೇಲೆ ನಿಂತ ಒಳ್ಳೆಯ ದುರ್ಬೀನು, ತಿಟ್ಟಿನ ಬುಡದಲ್ಲಿ ಅಡಿ ಗುರುತಿನ ಕಲ್ಲು. ದಿನಾ ಹುಟ್ಟು ಹಾಕುವ ದೋಣಿಯವರಿಗೆ ಯಾವ ಮರದಲ್ಲಿ ಯಾವ ಹಕ್ಕಿ ಕೂತಿದೆ ಅನ್ನೋದು ಬಾಯಿಪಾಠ. ದೋಣಿ ನಿಂತ ದಿನಗಳಲ್ಲಿ ಅವರನ್ನೇ ಅಟ್ಟಣೆಗೆ ಹತ್ತಿಸಿ, ಕೂಲಿ ಕೊಟ್ಟು, ಕೈಗೊಂದು ನೋಟ್ ಪುಸ್ತಕ ಕೊಡಬಹುದು. ಇಂಥ ಪುಸ್ತಕ ಐದು ಮುಂಗಾರು ತುಂಬಿದರೆ, ಗೇಟನ್ನು ಒಮ್ಮೆಲೇ ಎತ್ತುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಎತ್ತಿದರೆ ಎಷ್ಟು ಗೂಡು ಉಳಿಯುತ್ತೆ ಅಂತ ನೀರಾವರಿಯವರ ಮುಂದೆ ಕೂತು ಮಾತಾಡಬಹುದು. ಈಗ ಹೋದರೆ ಅವರು ಕೇಳೋದು ಒಂದೇ ಮಾತು: 'ಎಷ್ಟು ಗೂಡು ಸ್ವಾಮಿ?'